ಕಚ್ಚಿದ ಜಾಗವನ್ನಷ್ಟೇ ನೋಡಬೇಡಿ

ಸೋದರಿಯರೇ, ಜೇನುಹುಳು ಕಚ್ಚಿದರೆ ಏನು ಮಾಡುತ್ತೀರಿ ಅಂತ ನಾಲ್ಕು ಮನೆಯಲ್ಲಿ ಕೇಳಿ ನೋಡಿ, ಎಂಟು ಮದ್ದು ಸಿಗುತ್ತದೆ. ಸುಣ್ಣ ಹಚ್ಚಿ ಅನ್ನುವವರು ಒಬ್ಬರು, ಈರುಳ್ಳಿ ಹೆಚ್ಚಿ ತಿಕ್ಕಿ ಅನ್ನುವವರು ಇನ್ನೊಬ್ಬರು. ಬೀಗದ ಕೈಯನ್ನೋ ಕತ್ತಿಯನ್ನೋ ಉಜ್ಜಿದರೆ ಉರಿ ಇಳಿಯುತ್ತದೆ ಅನ್ನುವ ಅಜ್ಜಿಯರಂತೂ ಎಲ್ಲ ಊರಲ್ಲೂ ಇದ್ದಾರೆ. ಇವನ್ನೆಲ್ಲ ಹಳಿಯುವುದಕ್ಕೆ ನಾನು ಬರೆಯಲು ಕೂತಿಲ್ಲ. ಬಹಳಷ್ಟು ಸಲ ಕಚ್ಚಿದ ಜಾಗ ಊದುತ್ತದೆ, ಉರಿಯುತ್ತದೆ, ಎರಡು ದಿನ ಕೆರೆಯುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಸುಣ್ಣಕ್ಕೂ ಹೆಸರು ಬರುತ್ತದೆ, ಈರುಳ್ಳಿಗೂ ಹೆಸರು ಬರುತ್ತದೆ.

ನಾನು ಹೇಳಹೊರಟಿರುವುದು ಉಳಿದ ಕೆಲವು ಸಲದ ಮಾತು. ಕಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟೂ ಊತ ಇಲ್ಲದೆ, ಮನುಷ್ಯ ಮಾತ್ರ ಕಣ್ಣೆದುರಿಗೇ ಕುಸಿದು ಹೋಗುವುದುಂಟು. ಇವತ್ತು ಎದ್ದು ಓಡಾಡಿಕೊಂಡಿದ್ದವನಿಗೆ ಮೂರನೇ ದಿನ ಮೂತ್ರ ಕಟ್ಟುವುದುಂಟು. ಇಂಥದ್ದನ್ನು ಗುರುತಿಸುವವರು ಯಾರು ಹೇಳಿ? ಮನೆಯಲ್ಲಿರುವ ನಾವೇ ತಾನೆ?

ನಮ್ಮದು ಸಿರ್ಸಿ ಸೀಮೆಯ ಅಡಿಕೆ ತೋಟದ ಮನೆ. ಮಾವನವರ ಕಾಲದಿಂದಲೂ ಅಂಗಳದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ದಕ್ಷಿಣದ ಕಡೆಯ ತುಡುವೆ ಕುಟುಂಬಗಳು ಬಹುಪಾಲು ನಾಶವಾದಾಗ ನಮ್ಮಲ್ಲೂ ಪೆಟ್ಟಿಗೆಗಳೆಲ್ಲ ಬರಿದಾದವಂತೆ. ಮಾವನವರು ಕಾಡಿನ ಪೊಟರೆಗಳಿಂದ ಮತ್ತೆ ಒಂದೊಂದಾಗಿ ಕುಟುಂಬ ತಂದು ಕೂರಿಸಿದವರು. ಅವರಿಗೆ ವಯಸ್ಸಾದ ಮೇಲೆ ಆ ಕೆಲಸವನ್ನು ಕಲಿತು ಕೈಗೆತ್ತಿಕೊಂಡವಳು ನನ್ನ ವಾರಗಿತ್ತಿ. ತುಪ್ಪ ಮಾರಿದ ದುಡ್ಡು ಅವಳದೇ. ಮಗಳ ಕಾಲೇಜು ಫೀಸಿಗೂ ತನ್ನ ಸೀರೆಗೂ ಅವಳು ಯಾರ ಮುಂದೂ ಕೈಚಾಚಿದವಳಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಜೇನು ಅವಳಿಗೆ ಬರೀ ಹವ್ಯಾಸ ಆಗಿರಲಿಲ್ಲ.

2019ರ ಏಪ್ರಿಲ್‌ನಲ್ಲಿ ತುಪ್ಪ ತೆಗೆಯುವ ದಿನ. ಒಂದೇ ಒಂದು ಹುಳು ಅವಳ ಕುತ್ತಿಗೆಯ ಹಿಂಭಾಗಕ್ಕೆ ಕಚ್ಚಿತು. ವರ್ಷಕ್ಕೆ ನಾಲ್ಕೈದು ಸಲ ಕಚ್ಚಿಸಿಕೊಳ್ಳುವವಳು, ಮುಳ್ಳನ್ನು ಉಗುರಿನಲ್ಲಿ ಕೆರೆದು ತೆಗೆದು ಕೆಲಸ ಮುಂದುವರಿಸಿದಳು. ಐದು ನಿಮಿಷ ಕಳೆದಿರಬಹುದು.

"ಅಕ್ಕಾ, ಅಂಗೈ ಅಂಗಾಲು ಯಾಕೋ ತುಂಬಾ ಕೆರೀತಿದೆ" ಅಂದಳು.

ಹಾಗೆನ್ನುತ್ತಲೇ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ವಾಂತಿಯಾಯಿತು, ಭೇದಿಯೂ ಆಯಿತು. ಬಾಗಿಲಿಗೆ ಒರಗಿ ನಿಂತವಳ ಮುಖ ನೋಡಿದರೆ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. "ಅಕ್ಕಾ, ನನಗೇನೋ ಆಗ್ತಿದೆ, ನಾನು ಉಳಿಯಲ್ಲ ಅನ್ನಿಸ್ತಿದೆ" ಅಂದವಳೇ ಅಲ್ಲೇ ಕುಸಿದಳು.

ತುಪ್ಪ ತೆಗೆಯುವ ದಿನ ಅಂದರೆ ಮನೆ ತುಂಬ ಜನ. ಎಲ್ಲರೂ ಕುತ್ತಿಗೆ ನೋಡುವವರೇ. ಅಲ್ಲಿ ಏನಿದೆ? ಸಾಸಿವೆಯಷ್ಟು ಕೆಂಪು ಚುಕ್ಕೆ. ಊತ ಇಲ್ಲ, ಮೈಮೇಲೆ ಒಂದು ಗಂಧೆ ಇಲ್ಲ. "ಒಂದು ಹುಳಕ್ಕೆ ಇಷ್ಟೊಂದಾ? ಹೆದರಿದ್ದಾಳೆ ಅಷ್ಟೆ" ಅಂದರು ಒಬ್ಬರು. "ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಪಿತ್ತ ಕೆರಳಿದೆ, ಲಿಂಬೆ ಶರಬತ್ತು ಕೊಡಿ" ಅಂದರು ಇನ್ನೊಬ್ಬರು. ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಲು ಇಬ್ಬರು ಮುಂದೆ ಬಂದೂಬಿಟ್ಟರು. ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಓದುವವಳು, ರಜೆಗೆ ಬಂದಿದ್ದಳು. ಅವಳೇ ಕೂಗಿದ್ದು: "ಎಬ್ಬಿಸಬೇಡಿ, ಎಬ್ಬಿಸಲೇಬೇಡಿ! ಮಲಗಿಸಿ ಕಾಲು ಮೇಲೆ ಮಾಡಿ." ಅಡಿಕೆ ಚೀಲ ಎಳೆದು ಅವಳ ಕಾಲ ಕೆಳಗೆ ಇಟ್ಟೆ. ಮತ್ತೆ ವಾಂತಿ ಬಂದರೆ ಗಂಟಲಿಗೆ ಇಳಿಯಬಾರದು ಅಂತ ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡೆ. ಮೈದುನ ಜೀಪು ತಂದರು. ಮಲಗಿಸಿದಂತೆಯೇ ಎತ್ತಿ ಹಾಕಿಕೊಂಡು ಆರು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ ಹೋದೆವು.

ಅಲ್ಲಿನ ಡಾಕ್ಟರಮ್ಮ ನಾಡಿ ಹಿಡಿದು ನೋಡಿದವರು ಕುತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಐದು ನಿಮಿಷ ಬಿಟ್ಟು ಇನ್ನೊಂದು ಕೊಟ್ಟರು, ಸಲೈನ್ ಏರಿಸಿದರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ವಿಚಿತ್ರ ನೋಡಿ, ಅವಳು ಚೇತರಿಸಿಕೊಂಡ ಮೇಲೆ ಮೈತುಂಬ ಗಂಧೆ ಎದ್ದಿತು! "ಈಗ ಜಾಸ್ತಿ ಆಯ್ತಲ್ಲ ಡಾಕ್ಟ್ರೇ" ಅಂತ ಮೈದುನ ಗಾಬರಿಯಾದರು. ಡಾಕ್ಟರಮ್ಮ ನಕ್ಕು, "ಇದು ಒಳ್ಳೆಯ ಲಕ್ಷಣ. ಇಷ್ಟು ಹೊತ್ತು ಚರ್ಮಕ್ಕೆ ರಕ್ತವೇ ಬರ್ತಿರಲಿಲ್ಲ, ಗಂಧೆ ಎಲ್ಲಿಂದ ಏಳಬೇಕು?" ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಕೆಲವರ ದೇಹ ಜೇನಿನ ವಿಷವನ್ನು ಹಗೆ ಅಂತ ಗುರುತು ಇಟ್ಟುಕೊಂಡಿರುತ್ತದೆ. ಮುಂದೆ ಕಚ್ಚಿದಾಗ ಮಾಸ್ಟ್ ಕೋಶ ಎನ್ನುವ ಕಣಗಳು ಒಡೆದು ಹಿಸ್ಟಮಿನ್ ಮೊದಲಾದ ರಸಗಳನ್ನು ಒಮ್ಮೆಲೇ ಸುರಿಯುತ್ತವೆ. ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಅವುಗಳಿಂದ ನೀರಿನ ಅಂಶ ಹೊರಗೆ ಜಿನುಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಇದ್ದಕ್ಕಿದ್ದಂತೆ ಎರಡರಷ್ಟು ಅಗಲವಾಗಿ, ಮೇಲಿಂದ ಅಲ್ಲಲ್ಲಿ ಸೋರತೊಡಗಿದರೆ ಕೊನೆಯ ಮರಕ್ಕೆ ನೀರು ಮುಟ್ಟುತ್ತದೆಯೇ? ಹಾಗೇ ಮಿದುಳಿಗೆ, ಹೃದಯಕ್ಕೆ ರಕ್ತ ಮುಟ್ಟುವುದಿಲ್ಲ. ಕೆಲವರಿಗೆ ಗಂಟಲು ಊದಿ, ಶ್ವಾಸನಾಳ ಬಿಗಿಯುತ್ತದೆ. ಕೆಲವರಿಗೆ ಹೊಟ್ಟೆ ನುಲಿಯುತ್ತದೆ. ಅಡ್ರಿನಲಿನ್ ಸಡಿಲಗೊಂಡ ನಾಳಗಳನ್ನು ಬಿಗಿಮಾಡಿ, ಶ್ವಾಸನಾಳವನ್ನು ತೆರೆಯುತ್ತದೆ. ಈ ಕೆಲಸವನ್ನು ಅಂಗಡಿಯಲ್ಲಿ ಸಿಗುವ ಅಲರ್ಜಿ ಮಾತ್ರೆ ಮಾಡಲಾರದು. ಅದು ಕೆರೆತ, ಗಂಧೆ ಇಳಿಸೀತು, ಕುಸಿದ ರಕ್ತದೊತ್ತಡವನ್ನು ಎತ್ತಲಾರದು.

"ನಾನು ಉಳಿಯಲ್ಲ" ಅಂದಳಲ್ಲ, ಅದನ್ನೂ ಡಾಕ್ಟರಮ್ಮನಿಗೆ ಹೇಳಿದೆ. ಅದೂ ಒಂದು ಲಕ್ಷಣ, ವೈದ್ಯಕೀಯ ಪುಸ್ತಕಗಳಲ್ಲೇ ಬರೆದಿದೆ ಅಂದರು. ಏನೋ ದೊಡ್ಡ ಅನಾಹುತ ಆಗುತ್ತದೆ ಅನ್ನುವ ಭಾವನೆ ರೋಗಿಗೆ ಮೊದಲೇ ಬರುತ್ತದಂತೆ. ಸೋದರಿಯರೇ, ನಮ್ಮಲ್ಲಿ ಹೆಂಗಸು ಹಾಗೆ ಅಂದರೆ ಏನಂತಾರೆ? ಪುಕ್ಕಲು ಅಂತಾರೆ, ನಾಟಕ ಅಂತಾರೆ, ಗಾಳಿ ಸೋಕಿದೆ ಅಂತಾರೆ. ಆ ದಿನ ನಮ್ಮ ಮನೆಯಲ್ಲೂ ಅಂದರು. ಬ್ರಿಟನ್ನಿನಲ್ಲಿ ಇಂಥ ಸಾವುಗಳನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ, ಹುಳು ಕಚ್ಚಿ ಸತ್ತವರಲ್ಲಿ ಹೃದಯ ನಿಂತದ್ದು ಹೆಚ್ಚಾಗಿ ಸುಮಾರು 15 ನಿಮಿಷದ ಹೊತ್ತಿಗೆ ಎಂದು ಇದೆ. ಶರಬತ್ತು ಕಲಸಿ, ಗಾಳಿ ಬೀಸಿ, ಹೌದೋ ಅಲ್ಲವೋ ಎಂದು ಮಾತಾಡುವಷ್ಟರಲ್ಲಿ ಕಳೆದುಹೋಗುವ ಹೊತ್ತು ಅದು. ಅದೇ ದೇಶದ ಇನ್ನೊಂದು ವರದಿ, 2003ರದ್ದು. ಮಲಗಿದ್ದವರನ್ನು ಎಬ್ಬಿಸಿ ಕೂರಿಸಿದ ಅಥವಾ ನಿಲ್ಲಿಸಿದ ಕ್ಷಣದಲ್ಲೇ ಪ್ರಾಣ ಹೋದ ಪ್ರಸಂಗಗಳು ಅದರಲ್ಲಿವೆ. ಆ ನರ್ಸಿಂಗ್ ಹುಡುಗಿ ಕೂಗಿದ್ದು ಯಾಕೆ ಅಂತ ನನಗೆ ಆಮೇಲೆ ಅರ್ಥವಾಯಿತು.

ಆ ರಾತ್ರಿ ಅವಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. "ಚೆನ್ನಾಗಿದ್ದಾಳಲ್ಲ, ಮನೆಗೆ ಕರೆದುಕೊಂಡು ಹೋಗ್ತೀವಿ" ಅಂತ ನಮ್ಮವರು ಹೇಳಿದರೂ ಬಿಡಲಿಲ್ಲ. ಬಿಡದಿದ್ದುದೇ ಒಳ್ಳೆಯದಾಯಿತು. ರಾತ್ರಿ ಎಂಟರ ಹೊತ್ತಿಗೆ ಏನೂ ಕಚ್ಚದೆ, ಏನೂ ತಿನ್ನದೆ ಮತ್ತೆ ಎದೆ ಬಿಗಿದು ಉಬ್ಬಸ ಬಂತು. ಒಂದು ಸಲ ಇಳಿದ ಅಲರ್ಜಿ ಕೆಲವರಲ್ಲಿ ಕೆಲವು ಗಂಟೆಗಳ ಮೇಲೆ ಎರಡನೇ ಸಲ ಮರಳುವುದುಂಟಂತೆ. ಆದ್ದರಿಂದ ಇಂಜೆಕ್ಷನ್ ಆಗಿ ಸರಿಹೋದರೂ ಡಾಕ್ಟರು ಇರಿ ಅಂದಷ್ಟು ಹೊತ್ತು ಇರಬೇಕು.

ಇಷ್ಟು ವರ್ಷ ಕಚ್ಚಿದರೂ ಏನೂ ಆಗದವಳಿಗೆ ಈಗ ಯಾಕೆ ಹೀಗಾಯಿತು ಅಂತ ನೀವು ಕೇಳಬಹುದು. ನಾವೂ ಕೇಳಿದೆವು. ಇದಕ್ಕೆ ನೂರು ವರ್ಷಕ್ಕೂ ಹಿಂದಿನ ಒಂದು ಕಥೆ ಇದೆ. ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು 1901ರಲ್ಲಿ ಮೊನಾಕೊದ ರಾಜನ ಹಡಗಿನಲ್ಲಿ ಹೋಗಿ ಕಡಲ ಜೀವಿಗಳ ವಿಷ ಪರೀಕ್ಷಿಸಿದರು. ಆಮೇಲೆ ಪ್ಯಾರಿಸಿನಲ್ಲಿ ಕಡಲಹೂವಿನ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದರು. ಸ್ವಲ್ಪ ಸ್ವಲ್ಪ ಕೊಟ್ಟರೆ ವಿಷ ತಡೆಯುವ ಶಕ್ತಿ ಬರುತ್ತದೆ ಅನ್ನುವುದು ಆಗಿನ ನಂಬಿಕೆ. ಆದರೆ ನೆಪ್ಚೂನ್ ಎಂಬ ದಷ್ಟಪುಷ್ಟ ನಾಯಿ ಮೊದಲ ಸಲ ತಾಳಿಕೊಂಡು, ಮೂರು ವಾರ ಕಳೆದ ಮೇಲೆ ಕೊಟ್ಟ ಸ್ವಲ್ಪ ವಿಷಕ್ಕೇ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ 1902ರಲ್ಲಿ ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಅಂದರೆ ಮೊದಲು ಕಚ್ಚಿದಾಗ ಏನೂ ಆಗಲಿಲ್ಲ ಅನ್ನುವುದು ಮುಂದೆಯೂ ಏನೂ ಆಗದು ಅನ್ನುವುದಕ್ಕೆ ಆಧಾರವಲ್ಲ.

ಹಾಗಾದರೆ ವರ್ಷಕ್ಕೆ ನೂರಾರು ಸಲ ಕಚ್ಚಿಸಿಕೊಂಡು ನಗುತ್ತಿದ್ದ ನಮ್ಮ ಮಾವನವರು? ಬಹಳ ಸಲ ಕಚ್ಚಿಸಿಕೊಳ್ಳುವ ಜೇನು ಸಾಕಣೆದಾರರ ರಕ್ತದಲ್ಲಿ ವಿಷವನ್ನು ತಡೆಯುವ ಅಂಶ ತಯಾರಾಗುತ್ತದೆ. ಅಪಾಯ ಹೆಚ್ಚಿರುವುದು ಆಗೊಂದು ಈಗೊಂದು ಕಚ್ಚಿಸಿಕೊಳ್ಳುವವರಿಗೆ. ಅವರ ಮನೆಯವರಿಗೂ ಈ ಅಲರ್ಜಿ ಇತರರಿಗಿಂತ ಹೆಚ್ಚು ಕಾಣುತ್ತದೆ. ಬಟ್ಟೆಗೆ ಅಂಟಿ ಒಣಗಿದ ವಿಷ ಮನೆಯವರನ್ನು ಮುಟ್ಟುವುದೂ ಕಾರಣವಿರಬಹುದೆಂಬ ಊಹೆ ಇದೆ. ಜೇನು ಕೆಲಸದ ಬಟ್ಟೆಯನ್ನು ನಾವೀಗ ಬೇರೆಯಾಗಿಯೇ ಒಗೆಯುತ್ತೇವೆ.

ಇನ್ನು ಕಣಜದ ಮಾತು. ಕೆಲವು ಕಡೆ ಇದನ್ನು ಕಡಜ ಅಂತಾರೆ. 2021ರಲ್ಲಿ ನಮ್ಮ ತೋಟದ ಕೊನೆಗೌಡ ಅಡಿಕೆ ಮರದಲ್ಲಿದ್ದಾಗ ಕಣಜದ ಗೂಡಿಗೆ ದೋಟಿ ತಗುಲಿತು. ಮುಖ, ತಲೆ, ಬೆನ್ನು ಎಲ್ಲ ಸೇರಿ ಎಷ್ಟೋ ಕಡೆ ಕಚ್ಚಿದ್ದವು. ಗಟ್ಟಿ ಮನುಷ್ಯ, ಇಳಿದು ಬಂದ, ನೋವಿನ ಮಾತ್ರೆ ನುಂಗಿ ಮನೆಗೆ ನಡೆದುಕೊಂಡೇ ಹೋದ. ಉಸಿರಾಟ ಚೆನ್ನಾಗಿತ್ತು, ಗಂಧೆ ಇರಲಿಲ್ಲ, ಎಲ್ಲರೂ ಬಚಾವಾದ ಅಂದುಕೊಂಡರು. ಮೂರನೇ ದಿನ ಅವನ ಹೆಂಡತಿ ಬಂದು ನನ್ನ ಹತ್ತಿರ ಮೆಲ್ಲಗೆ, "ಅಮ್ಮಾ, ಹೇಳೋಕೆ ನಾಚಿಕೆ. ಅವರಿಗೆ ಒಂದಕ್ಕೆ ಹೋದ್ರೆ ಚಾ ಡಿಕಾಕ್ಷನ್ ಹಾಗೆ ಕಪ್ಪಗೆ ಬರ್ತದೆ. ಅದೂ ನಾಲ್ಕು ಹನಿ. ಮುಖ ಬೇರೆ ಊದಿದೆ" ಅಂದಳು.

ಅದು ಅಲರ್ಜಿಯೇ ಅಲ್ಲ, ವಿಷದ ನೇರ ಪ್ರತಾಪ. ಬಹಳ ಹುಳುಗಳು ಒಟ್ಟಿಗೆ ಕಚ್ಚಿದಾಗ ವಿಷ ರಕ್ತದ ಕೆಂಪು ಕಣಗಳನ್ನೂ ಮಾಂಸಖಂಡಗಳನ್ನೂ ಒಡೆಯುತ್ತದೆ. ಒಡೆದ ಬಣ್ಣದ ಅಂಶವೆಲ್ಲ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ಮೂತ್ರ ನಿಲ್ಲುತ್ತದೆ. ಅದರ ಮೇಲೆ ನುಂಗುವ ಕೆಲವು ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಭಾರವೇ. ಅವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿ ಕೆಲವು ವಾರ ಡಯಾಲಿಸಿಸ್ ಮಾಡಿಸಬೇಕಾಯಿತು. ದೇವರ ದಯೆ, ಮೂತ್ರಪಿಂಡಗಳು ಮತ್ತೆ ಕೆಲಸ ಶುರುಮಾಡಿದವು. ಸರಿಯಾದ ಹೊತ್ತಿಗೆ ಹೋದವರಲ್ಲಿ ಹೆಚ್ಚಿನವರಿಗೆ ಹಾಗೆ ಚೇತರಿಕೆ ಆಗುತ್ತದಂತೆ. ಆ ಹೆಣ್ಣುಮಗಳು ನಾಚಿಕೊಂಡು ಇನ್ನೆರಡು ದಿನ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಹತ್ತಿಪ್ಪತ್ತು ಕಡೆ ಕಚ್ಚಿಸಿಕೊಂಡವರು ಆ ಗಳಿಗೆಗೆ ಎಷ್ಟೇ ಚೆನ್ನಾಗಿ ಕಂಡರೂ ಅವತ್ತೇ ಆಸ್ಪತ್ರೆಗೆ ತೋರಿಸಿ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಮುಂದಿನ ಕೆಲವು ದಿನ ಮೂತ್ರದ ಬಣ್ಣವನ್ನೂ ಪ್ರಮಾಣವನ್ನೂ ನೋಡುತ್ತಿರಿ.

ಇವೆರಡು ಕಣ್ಣಾರೆ ಕಂಡದ್ದು. ಆಮೇಲೆ ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡ ಇನ್ನು ಕೆಲವನ್ನು ಹೇಳುತ್ತೇನೆ.

ಹುಳು ಕಚ್ಚಿದವರಿಗೆ ಹೃದಯಾಘಾತ ಆಗುವುದುಂಟು. ಅಲರ್ಜಿಯ ರಸಗಳು ಹೃದಯದ ರಕ್ತನಾಳವನ್ನೇ ಬಿಗಿದುಬಿಡುತ್ತವೆ. ಗ್ರೀಸ್ ದೇಶದ ಕೌನಿಸ್ ಎಂಬ ವೈದ್ಯರು 1991ರಲ್ಲಿ ಅಲರ್ಜಿಯಿಂದ ಬರುವ ಇಂಥ ಎದೆನೋವನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು ಬಂದಿದೆ. ಕಚ್ಚಿದ ಮೇಲೆ ಎದೆನೋವು ಅಂದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕೊಟ್ಟು ಮಲಗಿಸಬೇಡಿ, ಇಸಿಜಿ ಮಾಡಿಸಿ.

ಕೆಲವರಿಗೆ ಒಂದು ವಾರ ಹತ್ತು ದಿನ ಕಳೆದ ಮೇಲೆ ಜ್ವರ, ಗಂಟುನೋವು, ಗಂಧೆ ಒಟ್ಟಿಗೆ ಬರುತ್ತವೆ. ಅಷ್ಟು ಹೊತ್ತಿಗೆ ಹುಳು ಕಚ್ಚಿದ್ದು ಮರೆತೇ ಹೋಗಿರುತ್ತದೆ. ಡಾಕ್ಟರ ಹತ್ತಿರ ಹೋದಾಗ ಅದನ್ನೂ ಹೇಳಬೇಕು.

ಆಲೆಮನೆಯಲ್ಲಿ, ಕಬ್ಬಿನಹಾಲಿನ ಅಂಗಡಿಯಲ್ಲಿ ಲೋಟದೊಳಗೆ ಹುಳು ಇದ್ದದ್ದು ಕಾಣದೆ ಕುಡಿದು, ನಾಲಿಗೆಗೋ ಗಂಟಲಿಗೋ ಕಚ್ಚಿದರೆ, ಅಲರ್ಜಿ ಇಲ್ಲದವರಿಗೂ ಊತದಿಂದಲೇ ಉಸಿರು ಕಟ್ಟಬಹುದು. ಮಂಜುಗಡ್ಡೆ ಚೀಪಿಸುತ್ತಲೇ ಆಸ್ಪತ್ರೆಗೆ ಹೊರಡಿ. ಮಕ್ಕಳಿಗೆ ಲೋಟ ಕೊಡುವ ಮುಂಚೆ ಒಮ್ಮೆ ಇಣುಕಿ ನೋಡಿ. ಕಣ್ಣಿನ ಗುಡ್ಡೆಗೆ ಕಚ್ಚಿದರೆ ಮುಳ್ಳನ್ನು ನೀವಾಗಿ ಕೀಳಲು ಹೋಗದೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು, ಮನೆಯಲ್ಲಿ ಬಿ.ಪಿ. ಮಾತ್ರೆ ನುಂಗುವ ಹಿರಿಯರಿದ್ದರೆ ಗಮನಿಸಿ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಇಂಥ ಹೊತ್ತಿನಲ್ಲಿ ಅಡ್ರಿನಲಿನ್ ಪೂರ್ತಿ ಕೆಲಸ ಮಾಡದೆ ಹೋಗಬಹುದು. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಆಸ್ಪತ್ರೆಗೆ ಹೋದ ತಕ್ಷಣ ಮಾತ್ರೆಯ ಹೆಸರು ಹೇಳಿದರೆ ಅವರು ಬೇರೆ ಔಷಧಿ ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಓದಿ ಹೆದರಬೇಡಿ. ಮೈಗೆಲ್ಲ ಹರಡುವ ಅಲರ್ಜಿ ಬರುವುದು ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂರು ಮಂದಿಗೆ, ಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಕೈಗೆ ಕಚ್ಚಿ ಮೊಣಕೈವರೆಗೂ ಊದಿಕೊಂಡರೂ, ಊತ ಆ ಕೈಗಷ್ಟೇ ನಿಂತರೆ ಅಂಥವರಲ್ಲಿ ಹೆಚ್ಚಿನವರಿಗೆ ಮುಂದೆಯೂ ಅಷ್ಟೇ ಆಗುತ್ತದೆ.

ಹುಳು ಕಚ್ಚಿದ ಕೂಡಲೇ ಏನು ಮಾಡಬೇಕು? ಜೇನು ತನ್ನ ಮುಳ್ಳನ್ನು ವಿಷದ ಚೀಲದ ಸಮೇತ ಬಿಟ್ಟುಹೋಗುತ್ತದೆ, ಆ ಚೀಲ ಹುಳು ಹೋದ ಮೇಲೂ ವಿಷ ಒತ್ತುತ್ತಲೇ ಇರುತ್ತದೆ. ಅರ್ಧ ನಿಮಿಷದೊಳಗೆ ಹೆಚ್ಚಿನದೆಲ್ಲ ಒಳಗೆ ಹೋಗಿಬಿಡುತ್ತದೆ. ಹಿಸುಕಬಾರದು, ಕೆರೆದೇ ತೆಗೆಯಬೇಕು ಅಂತ ನಾವೆಲ್ಲ ಕೇಳಿದ್ದೇವಲ್ಲ? 1996ರಲ್ಲಿ ಪರೀಕ್ಷೆ ಮಾಡಿ ನೋಡಿದವರು, ಹೇಗೆ ತೆಗೆದರೂ ಸರಿ, ಬೇಗ ತೆಗೆಯುವುದೇ ಮುಖ್ಯ ಅಂದಿದ್ದಾರೆ. ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ, ಅದೇ ಹುಳು ಮತ್ತೆ ಮತ್ತೆ ಕಚ್ಚಬಲ್ಲದು. ಕಚ್ಚಿದ ಜೇನಿನಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದವನ್ನು ಕರೆಯುತ್ತದೆ, ಆದ್ದರಿಂದ ಆ ಜಾಗದಿಂದ ದೂರ ಬನ್ನಿ. ಕೈಗೆ ಕಚ್ಚಿದ್ದರೆ ಊದುವ ಮೊದಲೇ ಬಳೆ, ಉಂಗುರ ತೆಗೆದಿಡಿ. ಸೋಪು ಹಾಕಿ ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣವೋ ಈರುಳ್ಳಿಯೋ ಆಮೇಲೆ ನಿಮ್ಮ ಇಷ್ಟ.

ಆಮೇಲೆ ಒಂದು ಗಂಟೆ ಆ ಮನುಷ್ಯನನ್ನು ಒಂಟಿಯಾಗಿ ಬಿಡಬೇಡಿ. ಅಂಗೈ ಅಂಗಾಲಿನ ಕೆರೆತ, ಬೇರೆ ಕಡೆ ಗಂಧೆ, ತುಟಿ ಅಥವಾ ನಾಲಿಗೆಯ ಊತ, ದನಿ ಬದಲಾಗುವುದು, ಉಬ್ಬಸ, ಹೊಟ್ಟೆನೋವು, ವಾಂತಿ, ತಲೆಸುತ್ತು, ಮುಖ ಬಿಳಿಚುವುದು, ಏನೋ ಆಗ್ತಿದೆ ಅನ್ನುವ ಮಾತು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಅಥವಾ ಕೈಗೆ ಸಿಕ್ಕ ವಾಹನದಲ್ಲಿ ಹೊರಡಿ. ಮಲಗಿಸಿ ಕಾಲೆತ್ತರಿಸಿ, ಮೂರ್ಛೆ ಇದ್ದರೆ, ವಾಂತಿ ಇದ್ದರೆ ಮಗ್ಗುಲಿಗೆ ಹೊರಳಿಸಿ. ಉಸಿರಿಗೆ ಕಷ್ಟಪಡುತ್ತಿದ್ದರೆ ಮಾತ್ರ ಒರಗಿ ಕೂರಲಿ, ನಡೆಸಬೇಡಿ. ಸಮೀಪದ ಸಣ್ಣ ಆಸ್ಪತ್ರೆಯೇ ಸಾಕು, ಮೊದಲ ಇಂಜೆಕ್ಷನ್ ಅಲ್ಲಿ ಆಗಲಿ. ದೊಡ್ಡ ಆಸ್ಪತ್ರೆಯ ಮಾತು ಆಮೇಲೆ.

ಒಮ್ಮೆ ಹೀಗಾದವರಿಗೆ ಜೀವನಪೂರ್ತಿ ಹೆದರಿಕೆಯೇ ಗತಿಯೇ? ಇಲ್ಲ. ಇಲ್ಲಿ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. 1930ರಿಂದ ಅಮೆರಿಕದಲ್ಲಿ ಇಡೀ ಹುಳುವನ್ನೇ ಅರೆದು ತೆಗೆದ ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ ಅಲರ್ಜಿ ಕಳೆಯಲು ನೋಡುತ್ತಿದ್ದರು. ನ್ಯೂಯಾರ್ಕಿನ ಡಾಕ್ಟರ್ ಮೇರಿ ಲವ್‌ಲೆಸ್ ಎಂಬಾಕೆ ಅದು ಸರಿಯಲ್ಲ, ವಿಷವನ್ನೇ ಬಳಸಬೇಕು ಅಂದರು. ಕಣಜಗಳ ವಿಷದ ಚೀಲಗಳನ್ನು ತಮ್ಮ ಕೈಯಾರೆ ಬಿಡಿಸಿ ತೆಗೆದು ಚಿಕಿತ್ಸೆ ಮಾಡಿ 1956ರಲ್ಲಿ ಪ್ರಕಟಿಸಿದರು. ಬಹಳ ವರ್ಷ ಆಕೆಯ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1978ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಪರೀಕ್ಷೆ ನಡೆಸಿದರು. ಬರೀ ಹುಸಿ ಮದ್ದು ಪಡೆದ 12 ಜನರಲ್ಲಿ 7 ಮಂದಿಗೆ, ಅರೆದ ಹುಳುವಿನ ಸಾರ ಪಡೆದ 11 ಜನರಲ್ಲಿ 7 ಮಂದಿಗೆ ಹುಳು ಕಚ್ಚಿಸಿದಾಗ ಮತ್ತೆ ಅಲರ್ಜಿ ಆಯಿತು. ಶುದ್ಧ ವಿಷದ ಚಿಕಿತ್ಸೆ ಪಡೆದ 18 ಜನರಲ್ಲಿ ಆದದ್ದು ಒಬ್ಬರಿಗೆ ಮಾತ್ರ. ಆಕೆ ಹೇಳಿದ್ದೇ ನಿಜವಾಯಿತು. ಇವತ್ತಿಗೂ ಅದೇ ಚಿಕಿತ್ಸೆ, ಮೂರರಿಂದ ಐದು ವರ್ಷ ತೆಗೆದುಕೊಳ್ಳಬೇಕಾದದ್ದು. ಅಲರ್ಜಿ ತಜ್ಞರ ಕೈಯಲ್ಲೇ ಆಗಬೇಕು, ಎಲ್ಲ ಊರಿನಲ್ಲಿ ಸಿಗುವಂಥದ್ದಲ್ಲ.

ನಮ್ಮವಳನ್ನು ಬೆಂಗಳೂರಿನ ತಜ್ಞರಿಗೆ ತೋರಿಸಿದೆವು. ರಕ್ತಪರೀಕ್ಷೆಯಲ್ಲಿ ಜೇನಿನ ಅಲರ್ಜಿ ಖಚಿತವಾಯಿತು. ಮಾಸ್ಟ್ ಕೋಶಗಳೇ ಹೆಚ್ಚಾಗಿರುವ ಒಂದು ಕಾಯಿಲೆ ಇದ್ದರೂ ಹೀಗೆ ಗಂಧೆ ಇಲ್ಲದೆ ಕುಸಿಯುವುದುಂಟಂತೆ, ಅದಕ್ಕಾಗಿ ಟ್ರಿಪ್ಟೇಸ್ ಎನ್ನುವ ಪರೀಕ್ಷೆಯನ್ನೂ ಮಾಡಿದರು. ಅದು ಸರಿಯಾಗಿತ್ತು. "ಪೆಟ್ಟಿಗೆ ಎಲ್ಲಾ ಮಾರಿಬಿಡಿ, ಜೀವಕ್ಕಿಂತ ತುಪ್ಪ ಹೆಚ್ಚಾ?" ಅಂತ ಅತ್ತೆಯವರು ಹಟ ಹಿಡಿದರು. ಅವರದು ಪ್ರೀತಿಯ ಹಟ. ವಾರಗಿತ್ತಿ ಏನೂ ಮಾತಾಡಲಿಲ್ಲ, ಎರಡು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಕೊನೆಗೆ ಮೈದುನ ಒಂದು ದಾರಿ ಹುಡುಕಿದರು. ಪೆಟ್ಟಿಗೆಗಳನ್ನು ಅಂಗಳದಿಂದ ಎತ್ತಿ ತೋಟದ ಆಚೆಯ ಬೆಟ್ಟದ ಅಂಚಿಗೆ ಸಾಗಿಸಿದರು. ಪೆಟ್ಟಿಗೆಯ ಹತ್ತಿರದ ಕೆಲಸ ಅವರದು. ತುಪ್ಪ ಸೋಸುವುದು, ಬಾಟಲಿ ತುಂಬುವುದು, ಮಾರುವುದು, ಲೆಕ್ಕ ಇಡುವುದು ಅವಳದು. ದುಡ್ಡೂ ಮೊದಲಿನಂತೆ ಅವಳದೇ. ವಿಷದ ಚಿಕಿತ್ಸೆಗೆ ಅಷ್ಟು ವರ್ಷ ಬೆಂಗಳೂರಿಗೆ ಓಡಾಡುವುದು ಹೇಗೆ ಅನ್ನುವ ವಿಚಾರ ಇನ್ನೂ ಮುಗಿದಿಲ್ಲ.

ಡಾಕ್ಟರು ಚೀಟಿ ಬರೆದುಕೊಟ್ಟು ಅಡ್ರಿನಲಿನ್ ಮದ್ದನ್ನೂ ಸಿರಿಂಜನ್ನೂ ಮನೆಯಲ್ಲಿಡಲು ಹೇಳಿದ್ದಾರೆ. ಎಷ್ಟು ಎಳೆಯಬೇಕು, ತೊಡೆಯ ಯಾವ ಜಾಗಕ್ಕೆ ಚುಚ್ಚಬೇಕು ಅಂತ ಅವಳಿಗೂ ಮೈದುನರಿಗೂ ನನಗೂ ಕಲಿಸಿದ್ದಾರೆ. ಡಾಕ್ಟರು ಕಲಿಸದೆ ಯಾರೂ ಇದಕ್ಕೆ ಕೈಹಾಕಬಾರದು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಆ ಡಬ್ಬಿ ಅಡುಗೆಮನೆಯಲ್ಲಿ, ಒಲೆಯ ಬಿಸಿ ತಾಕದ ಕಪಾಟಿನಲ್ಲಿ, ಮಸಾಲೆ ಡಬ್ಬಿಯ ಮೇಲಿನ ಹಲಗೆಯಲ್ಲಿದೆ. ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಪಕ್ಕದಲ್ಲೇ ಆರೋಗ್ಯ ಕೇಂದ್ರದ ಫೋನ್ ನಂಬರ್ ಬರೆದಿದೆ. ನೀವೂ ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ನಿಮ್ಮ ಊರಿನ ಆಸ್ಪತ್ರೆಯ ನಂಬರನ್ನು ಇವತ್ತೇ ಬರೆದಿಡಿ. ಒಮ್ಮೆ ಅಲ್ಲಿಗೆ ಹೋದಾಗ, ಹುಳು ಕಚ್ಚಿದರೆ ಕೊಡುವ ಇಂಜೆಕ್ಷನ್ ಇದೆಯೇ ಅಂತ ಕೇಳಿಬನ್ನಿ. ಕೇಳುವುದಕ್ಕೆ ಸಂಕೋಚ ಬೇಡ.